ಏಳನೇ ರೀಲಿನ ಮಾತು

"ನಿಮ್ಮ ರೆಕ್ಕೆಗೆ ಬೆಂಕಿ ಹತ್ತಿದೆ, ನನಗೆ ಕಾಣಿಸ್ತಾ ಇದೆ. ಹೆದರಬೇಡಿ. ನನ್ನ ಮಾತನ್ನೇ ಹಿಡ್ಕೊಂಡು ಕೆಳಗಿಳೀರಿ."

ಹೇಳಿ ಮುಗಿಸಿ ನಟಿ ಮೈಕಿನಿಂದ ಮುಖ ತಿರುಗಿಸಿ ಕೆಮ್ಮಿದಳು. ಬೆಳಗ್ಗೆ ಹತ್ತಕ್ಕೆ ಈ ಡಬ್ಬದಂಥ ಕೋಣೆಗೆ ಹೊಕ್ಕವಳು. ಈಗ ಮಧ್ಯಾಹ್ನ ಮೂರು. ಮಂಡಿ ಹಿಡಿದುಕೊಂಡಿತ್ತು, ಹೆಡ್‌ಫೋನಿನ ಅಡಿಯಲ್ಲಿ ಕಿವಿ ಕೆಂಡವಾಗಿತ್ತು. ಎದುರಿನ ಪರದೆಯ ಮೇಲೆ ಮಾತ್ರ ಇಪ್ಪತ್ತೆರಡು ವರ್ಷದ ಅವಳೇ, ವಾಯುನೆಲೆಯ ರೇಡಿಯೊ ಮುಂದೆ ಕೂತು, ಮಂಡಿನೋವಿನ ಹಂಗಿಲ್ಲದೆ ಕಣ್ಣೀರು ಸುರಿಸುತ್ತಿದ್ದಳು.

ಗಾಜಿನ ಆಚೆ ಕೂತಿದ್ದ ಸೌಂಡ್ ಇಂಜಿನಿಯರ್ ಕುರ್ಚಿಯಿಂದ ಎದ್ದೇಬಿಟ್ಟ. "ಅಬ್ಬಬ್ಬಾ! ನಲವತ್ತೆರಡು ವರ್ಷ ಆದ್ರೂ ಕೂದಲೆಳೆಯಷ್ಟು ವ್ಯತ್ಯಾಸ ಇಲ್ವಲ್ಲ ಮೇಡಂ! ಗಂಟಲಿಗೆ ಏನು ತಗೋತೀರಿ?"

"ಬಿಪಿ ಮಾತ್ರೆ," ಎಂದಳು.

ಅವನು ನಕ್ಕ. ಒಳ್ಳೆಯ ಹುಡುಗ, ಪಾಪ. ಯುದ್ಧಕಾಲದ ವಿಮಾನ ಪೈಲಟುಗಳ ಕಥೆಯಿದ್ದ ಆ ಹಳೆಯ ಚಿತ್ರವನ್ನು ತೊಳೆದು ಬಳಿದು ಮತ್ತೆ ಬಿಡುಗಡೆ ಮಾಡುವವರಿದ್ದರು. ಏಳನೇ ರೀಲಿನ ಧ್ವನಿಯನ್ನು ಬೂಸು ತಿಂದುಹಾಕಿತ್ತು. ಅದೂ ಎಂಥಾ ರೀಲು! ಉರಿಯುವ ವಿಮಾನದಲ್ಲಿರುವ ನಾಯಕನನ್ನು ರೇಡಿಯೊ ಹುಡುಗಿ ಬರೀ ಮಾತಿನಲ್ಲೇ ನೆಲಕ್ಕೆ ಇಳಿಸುವ ರೀಲು. ಜನ ಅತ್ತದ್ದು ಅಲ್ಲಿಯೇ. ಆ ಧ್ವನಿಗೇ ಅತ್ತದ್ದು.

ಆ ಧ್ವನಿ ಅವಳದಲ್ಲ. ಇದನ್ನು ಬಲ್ಲವರಲ್ಲಿ ಒಬ್ಬರನ್ನು ಬಿಟ್ಟು ಉಳಿದವರೆಲ್ಲ ಒಬ್ಬೊಬ್ಬರಾಗಿ ತೀರಿಕೊಂಡಿದ್ದರು. ಅವಳದು ಕೀರಲು ಗಂಟಲು. "ಮುಖ ನೋಡಿದ್ರೆ ದೇವತೆ, ಬಾಯಿ ಬಿಟ್ರೆ ಬಾತುಕೋಳಿ" ಎಂದು ನಿರ್ದೇಶಕರು ಎಲ್ಲರೆದುರೇ ಅಂದಿದ್ದರು. ಕೊನೆಗೆ ಧ್ವನಿ ಕೊಟ್ಟವಳು ಎಲ್ಲರೂ ಅಕ್ಕ ಎನ್ನುತ್ತಿದ್ದ ಡಬ್ಬಿಂಗ್ ಕಲಾವಿದೆ. ನಲವತ್ತರ ಹೆಂಗಸು, ತುಂಬುಗಂಟಲು. ನಾಯಕಿಗೆ ಬೇರೆಯವರು ಮಾತಾಡಿದರೆ ಟೈಟಲಿನಲ್ಲಿ ಹೆಸರು ಹಾಕುವ ಪದ್ಧತಿ ಆಗ ಇರಲಿಲ್ಲ. ಅಕ್ಕ ಎರಡು ದಿನ ಬಂದಳು, ಮಾತಾಡಿದಳು, ಹೋದಳು.

ಚಿತ್ರ ನೂರು ದಿನ ಓಡಿತು. ಮೊದಲ ಸನ್ಮಾನದಲ್ಲೇ ಜನ "ಡೈಲಾಗ್! ಡೈಲಾಗ್!" ಎಂದು ಕೂಗಿದರು. ನಟಿ ಬಾಯಿ ತೆರೆದಳು. ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆ ಕಿಸಕ್ ಸಾಕಾಯಿತು. ಬಚ್ಚಲುಮನೆ ಬಾಗಿಲು ಹಾಕಿಕೊಂಡು, ಟೇಪು ಹಚ್ಚಿಕೊಂಡು, ಆರು ತಿಂಗಳು ಅಕ್ಕನ ಮಾತನ್ನು ಗಂಟಲಿಗಿಳಿಸಿಕೊಂಡಳು. ಆಮೇಲೆ ಅದೇ ಅಭ್ಯಾಸವಾಯಿತು. ಹಾಲಿನವನನ್ನು ಗದರುವುದೂ ಅದೇ ಧ್ವನಿಯಲ್ಲಿ, ಗಂಡ ಸತ್ತಾಗ ಅತ್ತದ್ದೂ ಅದೇ ಧ್ವನಿಯಲ್ಲಿ. ನಾಯಕಿಯಾದದ್ದು ಐದೇ ವರ್ಷ. ಆಮೇಲೆ ಅತ್ತಿಗೆ, ಆಮೇಲೆ ಅಮ್ಮ, ಆಮೇಲೆ ಧಾರಾವಾಹಿಯ ಅತ್ತೆ, ಆಮೇಲೆ ಕರೆಯೇ ಇಲ್ಲ. ಮುಖ ಕೈಬಿಟ್ಟರೂ ಧ್ವನಿ ಮಾತ್ರ ರೇಡಿಯೊ ಜಾಹೀರಾತುಗಳಲ್ಲಿ ಅನ್ನ ಹಾಕಿತ್ತು.

ಇಂಜಿನಿಯರ್ ಒಳಗೆ ಬಂದು ಒಂದು ಹಾಳೆ ಮುಂದಿಟ್ಟ. "ಒಂದು ಸಹಿ ಮೇಡಂ. ಟೈಟಲ್ಲಿಗೆ. 'ಚಿತ್ರದುದ್ದಕ್ಕೂ ನಾಯಕಿಯ ಧ್ವನಿ ನನ್ನದೇ' ಅಂತ. ಪೋಸ್ಟರಲ್ಲೂ ಅದನ್ನೇ ಹಾಕ್ತಾರೆ, ಮರೆಯಲಾಗದ ಧ್ವನಿ ಅಂತ."

ಪೆನ್ನು ಕೈಗೆ ತೆಗೆದುಕೊಂಡಳು. ಇಷ್ಟು ವರ್ಷ ಸುಳ್ಳನ್ನು ಬಾಯಲ್ಲಿ ಹೇಳಿದವಳೂ ಅಲ್ಲ. ಜನ ಹೊಗಳಿದಾಗ ಸುಮ್ಮನಿದ್ದವಳು, ಅಷ್ಟೆ. ಈಗ ಬರೆದುಕೊಡಬೇಕು. ಬರೆಯದಿದ್ದರೆ ಉಳಿದಿರುವ ಒಂದೇ ಹೆಸರೂ ಹೋಗುತ್ತದೆ. ಬರೆದರೆ? ಬರೆದರೆ ಅಕ್ಕ ಎನ್ನುವವಳು ಹುಟ್ಟಿರಲೇ ಇಲ್ಲ ಎಂದ ಹಾಗೆ. ಅವಳಿಗೆ ಥಟ್ಟನೆ ತುಂಬಾ ಸುಸ್ತಾಯಿತು.

"ಇದು ನಂದಲ್ಲಪ್ಪ," ಎಂದಳು.

"ಯಾವುದು, ಪೆನ್ನಾ?"

"ಧ್ವನಿ."

ಎಲ್ಲವನ್ನೂ ಹೇಳಿದಳು. ಅವನು ಬಾಯಿ ತೆರೆದುಕೊಂಡು ಕೇಳಿ, ಕೊನೆಗೆ ತಲೆ ಕೆರೆದುಕೊಂಡ. "ಈಗ್ಯಾಕೆ ಮೇಡಂ ಇದೆಲ್ಲಾ? ನೀವು ಹೇಳಿಲ್ಲ, ನಾನು ಕೇಳಿಲ್ಲ. ಸಹಿ ಹಾಕಿ, ಮನೆಗೆ ಹೋಗಿ ಮಲಗಿ."

"ಮಲಗೋಕೇ ಆಗ್ತಿಲ್ಲ ಕಣಪ್ಪ. ಅಕ್ಕ ಇನ್ನೂ ಇದ್ದಾರೆ. ಅವರ ಹೆಸರು ಹಾಕ್ಸು. ಈ ಒಂದು ರೀಲಿಗೆ ಬೇಕಾದ್ರೆ ನನ್ನ ಹೆಸರಿರಲಿ. ತಡಿ, ಅವರನ್ನ ಒಂದು ಮಾತು ಕೇಳ್ತೀನಿ."

ಆ ಚಿತ್ರಕ್ಕೆ ಮೇಕಪ್ ಮಾಡಿದ್ದ ಮುದುಕ ಸಾಯುವ ಮುಂಚೆ ಕೊಟ್ಟಿದ್ದ ಅಕ್ಕನ ನಂಬರು ಎಂಟು ವರ್ಷದಿಂದ ಫೋನಿನಲ್ಲಿ ಸುಮ್ಮನೆ ಬಿದ್ದಿತ್ತು. ಒತ್ತಿದಳು. ಆರನೇ ರಿಂಗಿಗೆ ಯಾರೋ ಎತ್ತಿದರು.

"ಹಲೋ, ಅಕ್ಕಾ?"

ಆ ಕಡೆ ಏದುಸಿರು ಕೇಳಿಸಿತು.

"ಅಕ್ಕಾ, ನಾನು. ರೇಡಿಯೊ ಹುಡುಗಿ. ಒಂದು ತಪ್ಪು ಮಾಡಿದ್ದೀನಿ, ನಲವತ್ತು ವರ್ಷದಿಂದ..."

"ಅಯ್ಯೋ!" ಗರಗರ ಎನ್ನುವ ಒಡಕು ಗಂಟಲು, ಹೆಣ್ಣೋ ಗಂಡೋ ತಿಳಿಯದು. "ಇದು ನನ್ ಧ್ವನಿ ಅಲ್ವೇನೇ?"

ನಟಿ ಪೆನ್ನು ಕೆಳಗಿಟ್ಟಳು. "ಹೌದಕ್ಕ. ನಿಮ್ಮದೇ. ಹೇಳ್ದೆ ಕೇಳ್ದೆ ಇಟ್ಕೊಂಡ್ಬಿಟ್ಟೆ. ಈ ಸಲ ಟೈಟಲ್ಲಲ್ಲಿ ನಿಮ್ಮ ಹೆಸರು..."

"ಹೆಸರಿಗೇನು ಬೆಂಕಿ ಬಿತ್ತು, ಹಾಕ್ಸಿದ್ರೆ ಹಾಕ್ಸು. ಗಂಟಲಿನ ಆಪರೇಷನ್ ಆಗಿ ಆರು ವರ್ಷ ಆಯ್ತು ಕಣೇ. ಹೀಗಿತ್ತು ನನ್ ಧ್ವನಿ ಅಂದ್ರೆ ಮನೇಲಿ ಮಕ್ಕಳು ನಗ್ತಾವೆ. ನಂಗೇ ಮರೆತುಹೋಗಿತ್ತು." ಮುದುಕಿಗೆ ಉಸಿರು ಕಟ್ಟಿತು; ತಡೆದು ಮತ್ತೆ ಶುರುಮಾಡಿದಳು. "ಮಾತಾಡೇ."

"ಏನು ಮಾತಾಡ್ಲಿ ಅಕ್ಕ?"

"ಏನಾದ್ರೂ. ಬೈದ್ರೂ ಸರಿ. ತಾಳು, ಇಡ್ಬೇಡ, ಮೊಮ್ಮಗಳನ್ನ ಕರೀತೀನಿ, ಅವಳೂ ಕೇಳ್ಲಿ."

ಫೋನನ್ನು ಮೇಜಿನ ಮೇಲಿಟ್ಟ ಸದ್ದು. ಚಪ್ಪಲಿ ಎಳೆದುಕೊಂಡು ಹೋಗುವ ಸದ್ದು. ನಟಿ ನೀರಿನ ಬಾಟಲಿ ಎತ್ತಿ ಒಂದು ಗುಟುಕು ಕುಡಿದಳು, ಗಂಟಲು ಸರಿಮಾಡಿಕೊಂಡಳು, ಫೋನನ್ನು ಕಿವಿಗೊತ್ತಿಕೊಂಡು ನಿಂತೇ ಕಾದಳು.