ಐದು ಗಾಜಿನ ಮನೆ

ಮಾರ್ಚ್ ಹನ್ನೊಂದು, ಮಂಗಳವಾರ. ಮುಂದಿನದನ್ನು ಬಿಟ್ಟರೆ ಕಾರಿಗೆ ಗಾಜು ಐದು. ಐದಕ್ಕೂ ಕಪ್ಪು ಫಿಲ್ಮ್. ಸಂಜೆ ನಾಲ್ಕರೊಳಗೆ ಅದನ್ನು ಕಿತ್ತು ಠಾಣೆಗೆ ತಂದು ತೋರಿಸದಿದ್ದರೆ ಕಾರನ್ನು ಎಳೆದೊಯ್ಯುವುದಾಗಿ ಪೊಲೀಸರು ಹೇಳಿದ್ದರು.

ಬೇರೆಯವರಿಗೆ ಅದು ಕಾರು, ದರ್ಜಿಗೆ ಮನೆ. ಹೊಲಿಗೆ ಅಂಗಡಿ ಮುಚ್ಚಿ, ಬಾಡಿಗೆ ಕಟ್ಟಲಾಗದೆ ಮನೆ ಬಿಟ್ಟ ಮೇಲೆ ಅವನೂ ಹೆಂಡತಿಯೂ ಮಗಳೂ ಅದರಲ್ಲೇ ಮಲಗುತ್ತಿದ್ದರು. ಮಗಳು ಶಾಲೆಯ ಸಮವಸ್ತ್ರ ತೊಡುತ್ತಿದ್ದುದೂ ಆ ಕಪ್ಪಿನ ಮರೆಯಲ್ಲಿ. ಒಂದು ಕೋಣೆ ಸಿಕ್ಕಿದೆ ಎಂದು ಬಂಧುಗಳನ್ನು ನಂಬಿಸಿದ್ದರು.

"ಪರದೆ ಹೊಲೀಲಾ?" ಎಂದು ದರ್ಜಿ ಬೆಳಿಗ್ಗೆ ಕೇಳಿದ್ದ.

"ಹೊಲೀರಿ. ಒಳಗೆ ಸಂಸಾರ ಇದೆ ಅಂತ ಬೋರ್ಡೂ ಬರೆಸಿ," ಎಂದಳು ಹೆಂಡತಿ. ಆಮೇಲೆ ದನಿ ತಗ್ಗಿಸಿದಳು. "ನನ್ನ ತಮ್ಮನಿಗೆ ಮಾತ್ರ ಗೊತ್ತಾಗಬಾರದು. ಗೊತ್ತಾದ್ರೆ ನನ್ನನ್ನೂ ಮಗೂನೂ ಕರ್ಕೊಂಡು ಹೋಗಿಬಿಡ್ತಾನೆ. ಅವನಿರೋದೇ ಒಂದು ಕೋಣೆ, ನಿಮಗೆ ಜಾಗ ಎಲ್ಲಿ?"

ಆದರೆ ಕಾರಿನ ಗಾಜಿಗೆ ಫಿಲ್ಮ್ ಅಂಟಿಸುವುದು, ಕೀಳುವುದೇ ಆ ತಮ್ಮನ ಕಸುಬು. ದರ್ಜಿ ತಾನೇ ಬ್ಲೇಡು ಹಿಡಿದು ಹೆಣಗಾಡಿದ. ಮಧ್ಯಾಹ್ನವಾದರೂ ಕೈಗೆ ಬಂದದ್ದು ಬೆರಳಗಲದ ಚೂರುಗಳು. ಬೇರೆ ಅಂಗಡಿಗೆ ಕೊಡಲು ಕಾಸಿರಲಿಲ್ಲ. ಹಾಸಿಗೆಯಿಂದ ಹಲ್ಲುಜ್ಜುವ ಬ್ರಷ್ಷಿನವರೆಗೆ ಎಲ್ಲವನ್ನೂ ಡಿಕ್ಕಿಗೆ ತುರುಕಿ, ಸೀಟು ಗುಡಿಸಿ, ಭಾವಮೈದುನನ ಅಂಗಡಿಗೆ ಹೋದ.

ಭಾವಮೈದುನ ಗಾಜಿಗೆ ಹಬೆ ಹಿಡಿದು, ಮೂಲೆಯನ್ನು ಉಗುರಿನಿಂದ ಎಬ್ಬಿಸಿ, ಮೆಲ್ಲಗೆ ಎಳೆದ. "ಹೊಲಿಗೆ ಬಿಚ್ಚಿದ ಹಾಗೇ ಭಾವ. ಅವಸರ ಮಾಡಿದ್ರೆ ಕೆಟ್ಟಿತು."

ಮುಂದಿನ ಬಾಗಿಲುಗಳ ಎರಡು ಗಾಜು ಸಲೀಸಾಗಿ ಮುಗಿದವು. ಹಿಂದಿನ ಮೂರರ ಬುಡದಲ್ಲಿ ಫಿಲ್ಮ್ ತಾನಾಗಿಯೇ ಎದ್ದಿತ್ತು, ಅಂಚಿನುದ್ದಕ್ಕೂ ಬೂಷ್ಟು.

"ಮಳೆ ನೀರು ಒಳಗೆ ಬರುತ್ತಾ?"

"ಹೂಂ. ರಬ್ಬರ್ ಹೋಗಿದೆ."

ಭಾವಮೈದುನ ರಬ್ಬರ್ ಅದುಮಿ ನೋಡಿದ. "ಗಟ್ಟಿಯಾಗೇ ಇದೆಯಲ್ಲ. ಇದು ಉಸಿರಿನ ತೇವ. ಲಾರಿಗಳಲ್ಲಿ ಡ್ರೈವರ್ ಮಲಗೋ ಕಡೆ ಹೀಗಾಗಿರುತ್ತೆ." ನಕ್ಕ. "ಏನು, ಅಕ್ಕನ ಹತ್ರ ಜಗಳ ಆಡ್ಕೊಂಡು ಬಂದು ಇಲ್ಲಿ ಮಲಗ್ತೀರಾ?"

ಮುಳುಗುತ್ತಿದ್ದ ದರ್ಜಿ ಆ ನಗೆಯನ್ನೇ ಹಿಡಿದುಕೊಂಡ. "ಹೌದಪ್ಪ. ನಾನೊಬ್ಬನೇ."

ಭಾವಮೈದುನ ಮೂರು ಗಾಜನ್ನೂ ಒಂದೊಂದಾಗಿ ನೋಡಿದ. ನಗು ಇಳಿಯಿತು.

"ಒಬ್ಬರ ಉಸಿರು ಮೂರು ಗಾಜಿಗೆ ಹತ್ತಲ್ಲ ಭಾವ. ಮಗೂನೂ ಜಗಳ ಆಡಿತ್ತಾ?"

ದರ್ಜಿ ಅವನ ಎರಡೂ ಕೈ ಹಿಡಿದ. "ಕೈ ಮುಗೀತೀನಿ ಕಣೋ. ಒಂದೇ ಒಂದು ತಿಂಗಳು ಸುಮ್ಮನಿರು. ನಾನು ಹೇಗಾದ್ರೂ..."

"ಕೈ ಬಿಡಿ. ನಾಲ್ಕು ಗಂಟೆ ಆಗ್ತಾ ಬಂತು."

ಉಳಿದದ್ದನ್ನು ಅವನು ಕಿತ್ತ. ಠಾಣೆಗೂ ಜೊತೆಯಲ್ಲೇ ಬಂದ. ಪೊಲೀಸಿನವನು ಕಾರಿನ ಸುತ್ತ ಒಂದು ಸುತ್ತು ಬಂದು, "ಸರಿ, ಹೊರಡಿ" ಎಂದ. ಕಾರು ಉಳಿಯಿತು.

ಶಾಲೆಯ ಗೇಟಿನ ಬಳಿ ಹೆಂಡತಿ, ಮಗಳು ಕಾಯುತ್ತಿದ್ದರು. ಈಗ ಕಾರಿನೊಳಗೆ ಯಾರಿದ್ದಾರೆಂಬುದು ದೂರದಿಂದಲೇ ಕಾಣುತ್ತಿತ್ತು. ತಮ್ಮನ ಮುಖ ಕಂಡದ್ದೇ ಅವಳು ಡಿಕ್ಕಿ ತೆಗೆದು ತನ್ನ ಬಟ್ಟೆಯನ್ನೂ ಮಗಳ ಬಟ್ಟೆಯನ್ನೂ ಬೇರೆ ಮಾಡತೊಡಗಿದಳು.

"ಅಪ್ಪಾ, ನೀನು ಬರಲ್ವಾ?"

ದರ್ಜಿ ಮಗಳ ಕಡೆ ನೋಡಲಾರದೆ ಭಾವಮೈದುನನತ್ತ ತಿರುಗಿದ. "ನಿನ್ನ ಕೂಲಿ ಎಷ್ಟಾಯ್ತು?"

"ಮನೆ ಮಾಡಿ ಇವರನ್ನ ಕರ್ಕೊಂಡು ಹೋಗೋಕೆ ಬರ್ತೀರಲ್ಲ, ಆವತ್ತು ಕೊಡಿ."

ಆ ಕೂಲಿ ಇನ್ನೂ ಬಾಕಿ ಇದೆ.