ಕಾಡವ್ವ ಅಕ್ಕೋರು ಜಗಳ ಬಿಟ್ಟ ಮೂರು ವಾರ

ಜಗಳಕ್ಕೆ ಇಳಿಯುವ ಮೊದಲು ಕಾಡವ್ವ ಅಕ್ಕೋರು ಕನ್ನಡಕ ತೆಗೆಯುತ್ತಿದ್ದರು. ಅವಸರವಿಲ್ಲದೆ ಅದನ್ನು ಸೆರಗಿನಲ್ಲಿ ಒರೆಸಿ, ಮಡಚಿ, ಕಂಕುಳ ಚೀಲದಲ್ಲಿಟ್ಟು, "ಒಂದ ಮಾತು ಕೇಳತೇನಿ, ಸಿಟ್ಟಾಗಬ್ಯಾಡ್ರಿ" ಎಂದರೆ ಸಾಕು, ಎದುರಿಗಿದ್ದವನು ಪಂಚಾಯಿತಿ ಸದಸ್ಯನಿರಲಿ, ಶಾಲಾ ತನಿಖೆಗೆ ಬಂದ ಅಧಿಕಾರಿಯಿರಲಿ, ಅವನ ಕಾಲ ಕೆಳಗಿನ ನೆಲ ಸಡಿಲಾಗುತ್ತಿತ್ತು. ಸಂಪಗಾಂವದ ಪ್ರಾಥಮಿಕ ಶಾಲೆಯಲ್ಲಿ ಮೂವತ್ತನಾಲ್ಕು ವರ್ಷ ಕಲಿಸಿ ಮುಖ್ಯಾಧ್ಯಾಪಕಿಯಾಗಿ ನಿವೃತ್ತರಾದ ಈ ಕುಳ್ಳನೆಯ ಹೆಂಗಸಿನ ನಡಿಗೆಯೇ ಅರ್ಧ ಓಟ. ಜೊತೆಗೆ ಹೆಜ್ಜೆ ಹಾಕಲಾರದೆ ಎಷ್ಟೋ ಸಲ ನಾನು ಹಿಂದುಳಿದಿದ್ದೇನೆ. ಶಿಕ್ಷಕರ ತರಬೇತಿ ಶಿಬಿರವೊಂದಕ್ಕೆ ಬೈಲಹೊಂಗಲದಿಂದ ತಡವಾಗಿ ಬಂದ ನನಗೆ ಅವರು ಆಡಿದ ಮೊದಲ ಮಾತೇ "ಸರ, ನಿಮ್ಮ ಗಡಿಯಾರಕ್ಕ ಜಡ್ಡ ಬಂದೈತೇನ್ರಿ?"

ತಮ್ಮ ಓಣಿಯ ಬಳಿ ಬಸ್ಸು ನಿಲ್ಲುವುದಿಲ್ಲವೆಂದು ಒಂದು ಬೆಳಿಗ್ಗೆ ಅವರು ಬಸ್ಸಿನ ಮುಂದೆಯೇ ನಿಂತುಬಿಟ್ಟಿದ್ದರು. "ಅಕ್ಕೋರ, ಇಲ್ಲಿ ಸ್ಟಾಪ್ ಇಲ್ರಿ" ಎಂದ ಚಾಲಕ. "ಇಲ್ಲಿ ಮಂದಿ ಅದಾರಲ್ಲೋ!" ಎಂದರು ಇವರು. ಅಂದಿನಿಂದ ಬಸ್ಸು ಅಲ್ಲಿ ನಿಲ್ಲುತ್ತದೆ.

ಎರಡು ವರ್ಷದ ಹಿಂದೆ ಅವರ ಅಂಗಾಲಿನಲ್ಲಿ ಕರಿ ಮಚ್ಚೆಯೊಂದು ಕಂಡಿತು. ಮುಳ್ಳು ಚುಚ್ಚಿದ ಗುರುತೆಂದು ಉದಾಸೀನ ಮಾಡಿದ್ದು ಕ್ಯಾನ್ಸರ್ ಆಗಿತ್ತು; ಅದನ್ನು ಕತ್ತರಿಸಿ ತೆಗೆದರೂ ಶ್ವಾಸಕೋಶದಲ್ಲಿ ಚುಕ್ಕೆಗಳು ಮೂಡಿದವು. ಬೆಳಗಾವಿಯಲ್ಲಿ ಇಮ್ಯುನೋಥೆರಪಿ ಆರಂಭವಾಯಿತು: ದೇಹದ ರಕ್ಷಣಾಶಕ್ತಿಯ ಕಡಿವಾಣ ಬಿಚ್ಚಿ ಕ್ಯಾನ್ಸರಿನ ಮೇಲೆ ಛೂ ಬಿಡುವ ಚಿಕಿತ್ಸೆ. ಅಕ್ಕೋರಿಗೆ ಅದು ಬಹಳ ಹಿಡಿಸಿತು. "ನನ್ನಂಥಾ ಔಷಧ ಐತ್ರಿ ಸರ, ಒಳಗ ಜಗಳಾ ಹಚ್ಚತೈತಿ" ಎಂದು ನಕ್ಕರು.

ಮೂರನೆಯ ಇಂಜೆಕ್ಷನ್ನಿನ ಹೊತ್ತಿಗೆ ಚುಕ್ಕೆಗಳು ಕುಗ್ಗಿದ್ದವು. ಆದರೆ ಅದೇ ದಿನಗಳಲ್ಲಿ ಅಕ್ಕೋರು ಮೌನಿಯಾದರು. ಸದಾ ಸಣ್ಣಗೆ ತಲೆನೋವು, ಊಟ ಬೇಡ, ಎದ್ದು ನಿಂತರೆ ತಲೆಸುತ್ತು. ನಾನು ಹೋದ ದಿನ ನೆರೆಯವರು ಇವರ ಬಾಗಿಲಿಗೇ ಗೋಡೆ ಕೆಡವಿದ ಕಲ್ಲುಮಣ್ಣು ಸುರಿದಿದ್ದರು. ಅಕ್ಕೋರು ಒಮ್ಮೆ ಅತ್ತ ನೋಡಿ, "ಇರಲಿ ಬಿಡ್ರಿ" ಎಂದು ಕಣ್ಣು ಮುಚ್ಚಿದರು.

"ನಮ್ಮಕ್ಕಗ ಈಗ ಬುದ್ಧನ ಶಾಂತಿ ಬಂದೈತ್ರಿ" ಎಂದ ಅವರ ತಮ್ಮ ಅರ್ಜುನ. ನನಗೂ ಹಾಗೇ ಅನ್ನಿಸಿತು. ನೋವು ಮನುಷ್ಯನನ್ನು ಹೇಗೆ ಮಾಗಿಸುತ್ತದೆ ಎಂದು ಮನೆಗೆ ಬಂದು ದಿನಚರಿಯಲ್ಲಿ ಒಂದು ಪುಟ ಬರೆದೆ. ಬರೆದದ್ದನ್ನು ಓದಿ ತೃಪ್ತಿಯನ್ನೂ ಪಟ್ಟೆ.

ನಂಬದವರು ಒಬ್ಬರೇ: ಅವರ ಗಂಡ, ಟೇಲರ್ ಗಂಗಪ್ಪ. "ನಲವತ್ತು ವರ್ಷ ಬೈಸ್ಕೊಂಡೇನ್ರಿ ಸರ. ಇಕಿ ಹಿಂಗ ಸುಮ್ನಿರಾಕಿ ಅಲ್ಲ. ಒಳಗ ಏನೋ ಆರಿ ಹೋಗೈತಿ" ಎಂದಿದ್ದರು ಆ ಮಿತಭಾಷಿ.

ಎರಡು ದಿನ ಕಳೆದು ಅಕ್ಕೋರು ಹಾಸಿಗೆಯಿಂದ ಏಳುತ್ತ ಕುಸಿದರು. ರೋಗ ಕೊನೆಗೆ ಬಂದಿದೆ, ಮನೆಯಲ್ಲೇ ನೆಮ್ಮದಿಯಿಂದ ಹೋಗಲಿ ಎಂದರು ಬಂಧುಗಳು. ಗಂಗಪ್ಪ ಹೆಂಡತಿಯನ್ನೆತ್ತಿ ಕಾರಿನಲ್ಲಿ ಮಲಗಿಸಿದರು; ನಾನೂ ಜೊತೆಗೆ ಹೋದೆ. ಬೆಳಗಾವಿಯಲ್ಲಿ ಡಾಕ್ಟರ್ ಜ್ಯೋತ್ಸ್ನಾ ಏನು ತೊಂದರೆಯೆಂದು ಕೇಳಿದಾಗ ಗಂಗಪ್ಪ ಹೇಳಿದ್ದು ಇಷ್ಟೇ: "ಮೂರು ವಾರ ಆತ್ರಿ, ನಮ್ಮ ಮನಿಯಾಕಿ ಯಾರ ಕೂಡನೂ ಜಗಳಾ ಆಡಿಲ್ಲ."

ಆ ಯುವ ವೈದ್ಯೆ ನಗಲಿಲ್ಲ. ಹಳೆಯ ಕಾಗದಗಳನ್ನು ತಿರುವಿದರು, ಇಳಿದ ರಕ್ತದೊತ್ತಡ ನೋಡಿದರು, ಪರೀಕ್ಷೆಗೆ ರಕ್ತ ತೆಗೆಸಿ, ಫಲಿತಾಂಶಕ್ಕೆ ಕಾಯದೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟರು. ಆಮೇಲೆ ನಮಗೆ ತಿಳಿಸಿ ಹೇಳಿದರು: ಔಷಧ ಕೆರಳಿಸಿದ ರಕ್ಷಣಾಶಕ್ತಿ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯ ಮೇಲೂ ಎರಗಿದೆ, ಅಲ್ಲಿಂದ ಅಪ್ಪಣೆ ಬಾರದೆ ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಸುಮ್ಮನಾಗಿವೆ, ಅವು ಸ್ರವಿಸಬೇಕಾದ ಕಾರ್ಟಿಸಾಲ್ ಇಲ್ಲದೆ ದೇಹಕ್ಕೆ ಹಸಿವಿಲ್ಲ, ಬಲವಿಲ್ಲ, ಸಿಟ್ಟೂ ಇಲ್ಲ. "ಇನ್ನೊಂದ ದಿನಾ ತಡಾ ಮಾಡಿದ್ರ ಕಷ್ಟ ಇತ್ರಿ" ಎಂದರು.

ಮೂರನೆಯ ದಿನ ಗಂಗಪ್ಪ ಗಂಜಿ ಹಿಡಿದು ವಾರ್ಡಿಗೆ ಬಂದಾಗ ದಿಂಬಿಗೊರಗಿ ಕುಳಿತಿದ್ದ ಅಕ್ಕೋರು ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಟೇಲರ್ ಅಂತ ಟೇಲರ್ರು! ಗುಂಡಿ ತಪ್ಪಿಸಿ ಹಾಕ್ಕೊಂಡು ದವಾಖಾನಿಗೆ ಬಂದೀರಲ್ಲ, ನೋಡಿದ ಮಂದಿ ಏನಂದಾರು?" ಗಂಗಪ್ಪ ಗುಂಡಿ ಸರಿಪಡಿಸಿಕೊಳ್ಳಲಿಲ್ಲ; ಗಂಜಿಯ ಡಬ್ಬಿ ಹಿಡಿದು ನಿಂತಲ್ಲೇ ಅತ್ತರು.

ಈಗ ಅಕ್ಕೋರಿಗೆ ಜೀವನಪೂರ್ತಿ ದಿನವೂ ಕಾರ್ಟಿಸಾಲ್ ಕೊರತೆ ತುಂಬುವ ಮಾತ್ರೆ; ಜ್ವರ ಬಂದರೆ ಅದು ಇಮ್ಮಡಿ. ಚುಕ್ಕೆಗಳು ಬೆಳೆದಿಲ್ಲ, ಅದಕ್ಕಿಂತ ಹೆಚ್ಚಿನ ಭರವಸೆಯನ್ನು ವೈದ್ಯರು ಕೊಡುವುದಿಲ್ಲ, ಅಕ್ಕೋರು ಕೇಳುವುದೂ ಇಲ್ಲ. ನನ್ನ ದಿನಚರಿಯ ಪುಟದ ಸಂಗತಿ ಒಪ್ಪಿಕೊಂಡಾಗ ಅವರು ಸಿಟ್ಟಾಗಲಿಲ್ಲ. "ನಾ ಸಾಯಾಕ ಹತ್ತಿದ್ದೆ, ನೀವು ವ್ಯಾಖ್ಯಾನ ಬರಿಯಾಕ ಹತ್ತಿದ್ರಿ" ಎಂದವರು ಹಿಂದೆಯೇ "ಬುದ್ಧ ಸುಮ್ನ ಕುಂತಿದ್ದ ಅಂತ ನಿಮಗ ಯಾರ ಹೇಳಿದ್ರು? ಊರೂರು ಅಡ್ಡಾಡಿ ವಾದಾ ಮಾಡ್ಯಾನ್ರಿ ಅಂವ" ಎಂದರು.

ಹತ್ತು ಜನ ನುಂಗಿಕೊಂಡ ಮಾತನ್ನು ತಾನೊಂದೇ ಆಡಿ ನಿಷ್ಠುರ ಕಟ್ಟಿಕೊಳ್ಳುವ ಜೀವ ಪ್ರತಿ ಊರಿನಲ್ಲೂ ಒಂದಿರುತ್ತದೆ. ಅದರ ಗದ್ದಲಕ್ಕೆ ನಾವು ಬೇಸರಿಸುತ್ತೇವೆ. ಅದು ಸುಮ್ಮನಾದರೆ ಮಾಗಿತೆಂದು ಕೊಂಡಾಡುತ್ತೇವೆ, ಏಕೆಂದರೆ ಆ ಮೌನ ನಮಗೆ ಅನುಕೂಲ. ಅಂಥವರು ಮೌನವಾದಾಗ ಕೈಮುಗಿಯುವ ಮೊದಲು ಅವರ ನಾಡಿ ಹಿಡಿದು ನೋಡಬೇಕು.