ಅರ್ಧ ನೂಲು ಸೊಟ್ಟ

ನಾನು ಬೆಳಗಾವಿಯ ಒಂದು ಫೌಂಡ್ರಿಯಲ್ಲಿ ಹುಟ್ಟಿದವನು. ಕಾದ ಬೀಡುಕಬ್ಬಿಣವನ್ನು ಮರಳಿನ ಅಚ್ಚಿಗೆ ಸುರಿದರು, ಆರಿಸಿದರು, ಆಮೇಲೆ ಉಜ್ಜಿ ಉಜ್ಜಿ ನನ್ನ ಮೇಜನ್ನು ಅಂಗೈ ಜಾರುವಷ್ಟು ಸಪಾಟು ಮಾಡಿದರು. ಹೊಟ್ಟೆಯಲ್ಲಿ ಒಂದು ಮೋಟಾರು, ಮೇಜಿನ ಸೀಳಿನಿಂದ ಹಲ್ಲು ತೋರಿಸುವ ದುಂಡನೆಯ ಬ್ಲೇಡು, ಅದರ ಪಕ್ಕದಲ್ಲಿ ಉದ್ದಕ್ಕೂ ಕೊರೆದ ಒಂದು ಜಾಡು. ಇಷ್ಟೇ ನನ್ನ ಆಸ್ತಿ. ಮೇಜು ಗರಗಸ ಎಂದು ಕರೆದರೆ ಕೇಳಲಿಕ್ಕೆ ಚೆಂದ. ಆದರೆ ಜನ ಕಟಿಂಗ್ ಮಿಷಿನ್ ಅಂತಲೇ ಕರೆಯುತ್ತಾರೆ.

ಮೊದಲು ನನ್ನನ್ನು ಕೊಂಡವರು ಹುಬ್ಬಳ್ಳಿಯಲ್ಲಿ ಕುರ್ಚಿ, ಮಂಚ ಮಾಡಿಸುತ್ತಿದ್ದ ಈರಸಂಗಪ್ಪನವರು. ಬಹಳ ಭಕ್ತಿವಂತರು. ಪ್ರತಿ ಖಂಡೇನವಮಿಯ ಆಯುಧಪೂಜೆಗೂ ನನಗೆ ಹೊಸ ಬಣ್ಣ ಬಳಿಸುತ್ತಿದ್ದರು. ಒಂದು ವರ್ಷ ಹಸಿರು, ಮರುವರ್ಷ ನೀಲಿ. ಅದರ ಮೇಲೆ ವಿಭೂತಿ, ಕುಂಕುಮ, ಚೆಂಡುಹೂವು. ನನಗೂ ಖುಷಿಯೇ, ಹಬ್ಬಕ್ಕೆ ಹೊಸ ಬಟ್ಟೆ ಯಾರಿಗೆ ಬೇಡ? ಆದರೆ ಒಂದು ವರ್ಷ ಅವರ ಭಕ್ತಿ ಉಕ್ಕಿ ಹರಿಯಿತು. ನಾಲ್ಕು ಬೋಲ್ಟು ಬಿಚ್ಚಿಸಿ, ಮೇಜನ್ನು ಎತ್ತಿಸಿ, ಅದು ಕೂರುವ ಜಾಗಕ್ಕೂ ದಪ್ಪಗೆ ಬಣ್ಣ ಹೊಡೆಸಿದರು. ಪೂಜೆಯ ಹೊತ್ತು ಮೀರುತ್ತದೆಂದು ಬಣ್ಣ ಆರುವ ಮೊದಲೇ ಮೇಜು ಕೂರಿಸಿ ಬೋಲ್ಟು ಬಿಗಿದರು. ಹಸಿ ಬಣ್ಣದ ಮೇಲೆ ಮೇಜು ಜಾರಿ, ಅರ್ಧ ನೂಲಿನಷ್ಟು ತಿರುಗಿ ಕೂತಿತು. ನೂಲು ಎಂದರೆ ಬಡಿಗರ ಅಳತೆ, ಅಂಗುಲದ ಎಂಟರಲ್ಲಿ ಒಂದು ಪಾಲು. ಅದರ ಅರ್ಧ ಯಾರ ಕಣ್ಣಿಗೆ ಬಿದ್ದೀತು? ಬಣ್ಣ ಒಣಗಿ ಕಲ್ಲಾಯಿತು.

ಅಂದಿನಿಂದ ಹೊಟ್ಟೆಗೆ ಅಂಟಿದ ನನ್ನ ಬ್ಲೇಡಿನದು ಒಂದು ದಾರಿ, ಮೇಜಿನ ಮೇಲೆ ನಿಂತ, ಹಲಗೆ ಒರಗಿ ಸಾಗುವ ಗೈಡ್ ಪಟ್ಟಿಯದು ಇನ್ನೊಂದು ದಾರಿ. ಹಲಗೆ ಎರಡರ ನಡುವೆ ಸಿಕ್ಕಿ ಅಂಚು ಸುಟ್ಟು ಕರ್ರಗಾಗುತ್ತಿತ್ತು. ಒಮ್ಮೆ ತೇಗದ ಪಟ್ಟಿಯೊಂದು ಹಿಂದಕ್ಕೆ ಚಿಮ್ಮಿ ಕೆಲಸಗಾರನೊಬ್ಬನ ಪಕ್ಕೆಗೆ ಬಡಿಯಿತು. "ಇದು ಮಿಷಿನ್ ಅಲ್ರೀ, ಪೀಡಾ," ಎಂದು ಅವನು ನನ್ನ ಹತ್ತಿರ ಬರುವುದನ್ನೇ ಬಿಟ್ಟ. ನನಗೆ ಅವಮಾನವಾಯಿತು. ಬಾಯಿದ್ದರೆ ಹೇಳುತ್ತಿದ್ದೆ, ನಾನು ಸೊಟ್ಟ ಅಲ್ಲಪ್ಪ, ನನ್ನನ್ನು ಕೂರಿಸಿದ್ದು ಸೊಟ್ಟ ಎಂದು.

ಗುಜರಿಗೆ ಹೋಗಬೇಕಾದವನನ್ನು ಗುಳೇದಗುಡ್ಡಕ್ಕೆ ಕರೆತಂದವನು ದೇವೇಂದ್ರಪ್ಪ ಬಡಿಗೇರ. ಕೈಮಗ್ಗಗಳನ್ನು ಮಾಡುವುದು, ರಿಪೇರಿ ಮಾಡುವುದು ಅವನ ಮನೆತನದ ಕೆಲಸ. ಅವನ ಉಳಿ ಮರದೊಳಗೆ ಇಳಿಯುವುದನ್ನು ನೋಡಿದ ಯಾರಿಗೂ ಕೈಮುಗಿಯಬೇಕು ಅನಿಸುತ್ತಿತ್ತು. ಆದರೆ ಮೂವತ್ತು ವರ್ಷ ಗರಗಸ ಎಳೆದು ಅವನ ಬಲ ರಟ್ಟೆ ಕೆಟ್ಟಿತ್ತು. ಮೇಲಕ್ಕೆ ಏಳುತ್ತಿರಲಿಲ್ಲ.

"ಗರಗಸ ಎಳ್ಯಾಕ ಬರದಾಂವಗ ಬಡಿಗ ಅಂತಾರೇನ ಸಂಕವ್ವಾ?" ಎಂದು ಅವನು ಹೆಂಡತಿಯನ್ನು ಕೇಳಿದ್ದನ್ನು ನಾನು ಬಂದ ದಿನವೇ ಕೇಳಿಸಿಕೊಂಡೆ. "ಈ ಮಿಷಿನ್ ನಡದ್ರ ಆತು. ಇಲ್ಲಂದ್ರ ಉಳಿ ಬಾಚಿ ಕಟ್ಟಿ ಅಟ್ಟದ ಮ್ಯಾಲ ಇಡೂದ."

ಮೊದಲ ಕೆಲಸ ಅಂಬವ್ವನದು. ಆಕೆ ಖಣ ನೇಯುವವಳು. ಆಕೆಯ ಮಗ್ಗದಲ್ಲಿ ಲಾಳಿ ಓಡುವ ಹಲಗೆ ಸೀಳು ಬಿಟ್ಟು, ಎಂಟು ದಿನದಿಂದ ಮಗ್ಗ ಸುಮ್ಮನೆ ಕೂತಿತ್ತು. ಆ ಹಲಗೆ ಎಳ್ಳಷ್ಟು ಸೊಟ್ಟಾದರೂ ಲಾಳಿ ದಾರಿ ತಪ್ಪಿ ಎಳೆಗಳನ್ನು ಹರಿದು ಹಾರಿಹೋಗುತ್ತದೆ. ದೇವೇಂದ್ರಪ್ಪ ಒಳ್ಳೆಯ ತೇಗ ಆರಿಸಿ ನನ್ನ ಮೇಲೆ ತಳ್ಳಿದ. ಹೊಗೆ ಬಂತು, ಅಂಚು ಸುಟ್ಟಿತು, ಹಲಗೆ ಒಂದು ತುದಿಗೆ ಅಗಲ, ಇನ್ನೊಂದು ತುದಿಗೆ ಸಣ್ಣ. ಗೈಡ್ ಪಟ್ಟಿಯದೇ ತಪ್ಪೆಂದು ಅದನ್ನು ಜಾಡಿಗೆ ಸರಿಯಾಗಿ ಕೂರಿಸಿದ. ಮತ್ತೆ ಹಾಗೆಯೇ ಆಯಿತು. ಬಾಗಿಲಲ್ಲಿ ನಿಂತವರೊಬ್ಬರು, "ಕುಣೀಲಾರದಾಕಿ ಅಂಗಳ ಡೊಂಕು ಅಂದ್ಲಂತ," ಎಂದು ನಕ್ಕರು. ಆ ದಿನ ಅವನು ಊಟಕ್ಕೂ ಕೂರಲಿಲ್ಲ.

ಮರುದಿನ ಬೆಳಗ್ಗೆ ಪ್ಲಗ್ ಕಿತ್ತಿಟ್ಟು ನನ್ನ ಎದುರು ಕುಕ್ಕರಗಾಲಲ್ಲಿ ಕೂತ. ಹೊಸಬನ ಜಾತಕ ನೋಡುವವನಂತೆ ಬಹಳ ಹೊತ್ತು ನೋಡಿದ. ಆಮೇಲೆ ಒಂದು ಕಟ್ಟಿಗೆ ಪಟ್ಟಿಯನ್ನು ಜಾಡಿನಲ್ಲಿ ಅಲುಗಾಡದಂತೆ ಹೊಂದಿಸಿ, ಅದರ ತುದಿಗೆ ಒಂದು ಸ್ಕ್ರೂ ತಿರುವಿದ. ಬ್ಲೇಡಿನ ಒಂದು ಹಲ್ಲಿಗೆ ಸೀಮೆಸುಣ್ಣದ ಗುರುತು ಹಾಕಿದ. ಆ ಹಲ್ಲು ಮುಂದಿದ್ದಾಗ ಸ್ಕ್ರೂ ಅದಕ್ಕೆ ಮೆಲ್ಲಗೆ ತಾಗುವಂತೆ ಮಾಡಿ, ಬ್ಲೇಡನ್ನು ಕೈಯಿಂದ ತಿರುಗಿಸಿ ಅದೇ ಹಲ್ಲನ್ನು ಹಿಂದಕ್ಕೆ ತಂದು, ಪಟ್ಟಿಯನ್ನೂ ಹಿಂದಕ್ಕೆ ಜಾರಿಸಿದ. ಕೊಡತಿ ಬಡಿದು ಬಡಿದು ಅವನ ಕಿವಿ ಮಂದವಾಗಿತ್ತು. ಅದಕ್ಕೇ ಸಂಕವ್ವನನ್ನು ಕರೆದ. ನೇಕಾರರ ಮಗಳು, ಲಾಳಿಯ ಸದ್ದಿನಲ್ಲೇ ಎಲ್ಲಿ ಎಳೆ ಹರಿಯಿತೆಂದು ಹೇಳುವವಳು.

"ಮುಂದ ಟಿಕ್ ಅಂತೈತ್ರೀ. ಹಿಂದ ಕರ್ರ್ ಅಂತ ಕೆರೀತೈತಿ."

"ಹಂಗಾರ ಮೇಜ ತಿರುಗೈತಿ," ಅಂದ ದೇವೇಂದ್ರಪ್ಪ. ಆ ಒಂದು ಮಾತಿಗಾಗಿ ನಾನು ಎಷ್ಟು ವರ್ಷ ಕಾದಿದ್ದೆ!

ಬೋಲ್ಟು ಬಿಚ್ಚಿದ. ಮೇಜು ಅಲುಗಲಿಲ್ಲ. ಬಗ್ಗಿ ನೋಡಿದರೆ ಮೇಜಿನ ಸಂದಿನ ತುಂಬ ವರ್ಷವರ್ಷವೂ ಬಳಿದ ಪದರು ಪದರು ಬಣ್ಣ, ನಡುವೆ ಒಣಗಿದ ವಿಭೂತಿ, ಕುಂಕುಮ. ಉಳಿ ಹಿಡಿದ ಕೈ ಅಲ್ಲೇ ನಿಂತಿತು.

"ಪೂಜಾ ಮಾಡಿದ್ದು. ಹೆಂಗ ಕೆರೀಲಿ?"

"ದೇವ್ರು ಬಣ್ಣದಾಗ ಇರ್ತಾನೇನ್ರೀ?" ಸಂಕವ್ವ ಸೊಂಟದ ಮೇಲೆ ಕೈಯಿಟ್ಟಳು. "ಅಂಬವ್ವನ ಮಗ್ಗ ಸುಮ್ಮ ಕುಂತೈತಿ, ಅದು ಪೂಜಾ ಅಲ್ಲೇನು? ಕೆರೀರಿ ನೀವು."

ಅವನು ಉಳಿಯನ್ನು ಹಣೆಗೆ ಒತ್ತಿಕೊಂಡು ಕೆರೆಯತೊಡಗಿದ. ನೀಲಿ ಹೋಯಿತು, ಹಸಿರು ಹೋಯಿತು, ಮೇಜು ಸಡಿಲಿ ಎದ್ದಿತು, ಅದರ ಅಡಿಯ ಬಣ್ಣವೂ ಹೋಗಿ ಕಡೆಗೆ ನನ್ನ ಸ್ವಂತ ಕಬ್ಬಿಣ ಹೊಳೆಯಿತು. ಬೋಲ್ಟುಗಳನ್ನು ಅರ್ಧ ಬಿಗಿದು, ಮೇಜಿನ ಮೂಲೆಗೆ ಎಡಗೈಯಿಂದ ಕೊಡತಿಯ ಏಟು. ಮಗುವಿನ ಬೆನ್ನು ತಟ್ಟುವಷ್ಟೇ ಮೆಲ್ಲಗೆ. ಸಂಕವ್ವ ಕಿವಿಯಿಟ್ಟು ಕೇಳಿದಳು. "ಇನ್ನೂ ಕೆರೀತೈತಿ." ಮತ್ತೊಂದು ಏಟು. "ಈಗ ಹಿಂದ ತಾಗವಲ್ತು, ಭಾಳ ಆತು." ಹೀಗೆ ಮಧ್ಯಾಹ್ನದವರೆಗೆ ನಡೆಯಿತು. ಒಮ್ಮೆಯೂ ಅವನು ಸಿಟ್ಟಾಗಲಿಲ್ಲ, ಆಕೆಯೂ ಬೇಸರಪಡಲಿಲ್ಲ. ಇಂಥ ತಾಳ್ಮೆಯನ್ನು ನಾನು ಹುಟ್ಟಿದ ಮೇಲೆ ಕಂಡಿರಲಿಲ್ಲ. ಕೊನೆಗೆ ಮುಂದೆಯೂ ಟಿಕ್, ಹಿಂದೆಯೂ ಟಿಕ್. ಒಂದೊಂದೇ ಬೋಲ್ಟನ್ನು ಬಿಗಿದು, ಪ್ರತಿ ಸಲವೂ ಮತ್ತೆ ಕೇಳಿಸಿದ. ಆಮೇಲೆ ಗೈಡ್ ಪಟ್ಟಿಯನ್ನು ಜಾಡಿಗೆ ಹೊಂದಿಸಿದ.

ಹೊಸ ಹಲಗೆಯನ್ನು ತಳ್ಳಿದಾಗ ಅದು ಬೆಣ್ಣೆಯಲ್ಲಿ ಹೋದಂತೆ ಹೋಯಿತು. ಹೊಗೆಯಿಲ್ಲ, ಕಪ್ಪಿಲ್ಲ, ಎರಡು ತುದಿಗೂ ಒಂದೇ ಅಳತೆ. ದೇವೇಂದ್ರಪ್ಪ ಅಂಚಿನ ಮೇಲೆ ಬೆರಳೆಳೆದು, ನನ್ನ ಬದಿಗೆ ಮುಖ ತಿರುಗಿಸಿ ಕಣ್ಣೊರೆಸಿಕೊಂಡ. ಸಂಜೆ ಮಗ್ಗಕ್ಕೆ ಹಲಗೆ ಕೂಡಿಸಿ ಬಂದಾಗ ಅಂಬವ್ವ ಹಿಂದೆಯೇ ಬಂದಿದ್ದಳು. "ಯಣ್ಣಾ, ಲಾಳಿ ಒಮ್ಮಿನೂ ಹಾರಲಿಲ್ಲ ನೋಡು," ಎಂದು ಹೇಳಲಿಕ್ಕೆಂದೇ ಅಷ್ಟು ದೂರ ನಡೆದು ಬಂದಿದ್ದಳು.

ಆಮೇಲೆ ಹದಿನೆಂಟು ವರ್ಷ ನಾವಿಬ್ಬರೂ ದುಡಿದೆವು. ಈಗ ನನಗೆ ವಯಸ್ಸಾಗಿದೆ. ಮೋಟಾರು ಮೂರನೆಯ ಸಲ ಸುಟ್ಟಾಗ ಯಾರೂ ಸರಿಮಾಡಿಸಲಿಲ್ಲ. ದೇವೇಂದ್ರಪ್ಪನಿಗೆ ಎಡಗೈಯೂ ಸೋತಿದೆ. ಆದರೂ ನೇಕಾರರು ಬರುತ್ತಾರೆ. ಬೇರೆ ಕಡೆ ಮಾಡಿಸಿದ ಹಲಗೆಯನ್ನು ನನ್ನ ಮೇಲೆ ಮಲಗಿಸುತ್ತಾರೆ. ಅವನು ಬಗ್ಗಿ, ಕೆಳಗೆ ಬೆಳಕು ಇಣುಕುತ್ತದೆಯೇ ಎಂದು ನೋಡಿ, ಎಲ್ಲಿ ಎಷ್ಟು ಹೆರೆಯಬೇಕೆಂದು ಹೇಳುತ್ತಾನೆ. ಸೊಟ್ಟ ಎಂದು ಬೈಸಿಕೊಂಡವನು ಊರಿನ ನೇರಕ್ಕೆ ಸಾಕ್ಷಿಯಾಗಿದ್ದೇನೆ. ಇದು ನನ್ನ ಹೆಚ್ಚುಗಾರಿಕೆಯಲ್ಲ. ಬಯ್ಯುವ ಮೊದಲು ಬಗ್ಗಿ ನೋಡಿದ ಒಬ್ಬ ಮನುಷ್ಯ ಸಿಕ್ಕಿದ, ಅಷ್ಟೇ.

ಮೊನ್ನೆ ಕಮತಗಿಯಿಂದ ಒಬ್ಬ ನೇಕಾರ ಹಲಗೆ ಹೊತ್ತು ಬಂದು ಅಂಗಳದಲ್ಲಿ ಅನುಮಾನದಿಂದ ನಿಂತ. "ಯವ್ವಾ, ದೇವೇಂದ್ರಪ್ಪನೋರು ಈಗ ಬಡಿಗತನ ಬಿಟ್ಟಾರಂತ, ಹೌದೇನ್ರೀ?"

"ಯಾರಪಾ ಹೇಳಿದೋರು?" ಅಂದಳು ಸಂಕವ್ವ ಒಳಗಿನಿಂದಲೇ. "ಬಡಿಗರು ಮನ್ಯಾಗ ಅದಾರ. ಹಲಗಿ ಒಳಗ ತಗೊಂಡ ಬಾ."